ಫೋಟೋದ ಬೆನ್ನ ಮೇಲಿನ ಬರಹ

ಶಹಾಬಾದ್ ಸ್ಟೇಷನ್ ರಸ್ತೆಯ ನಮ್ಮ ಸ್ಟುಡಿಯೋಗೆ ಒಂದು ಆಗಸ್ಟ್ ತಿಂಗಳಲ್ಲಿ ಚಿಂಚೋಳಿ ಕಡೆಯ ಹೆಣ್ಣುಮಗಳೊಬ್ಬರು ಬಂದಿದ್ದರು. ಪ್ಲಾಸ್ಟಿಕ್ ಚೀಲದ ಮಡಿಕೆ ಬಿಚ್ಚಿ ಒಂದು ಫೋಟೋ ಮೇಜಿನ ಮೇಲಿಟ್ಟರು. ಅಂಗೈಯಷ್ಟೂ ಇಲ್ಲದ ಕಪ್ಪು ಬಿಳುಪು ಚಿತ್ರ. ಖಾಕಿ ತೊಟ್ಟ ಮೂವರು ಹುಡುಗರು, ನಡುವಿನವನ ಕೈಯಲ್ಲಿ ಬಂದೂಕು, ಬೆನ್ನ ಹಿಂದೆ ರಸ್ತೆಗೆ ಅಡ್ಡ ಹಾಕಿದ ಒಂದು ಗಳ.

“ನಡುವ ನಿಂತಾವ್ರು ನಮ್ಮ ಮುತ್ಯಾ ರೀ. ರಜಾಕಾರರ ಮ್ಯಾಲ ಲಡಾಯಿ ಮಾಡ್ಯಾರ. ಸಪ್ಟೆಂಬರ್ ಹದಿನೇಳಕ್ಕ ಊರಾಗ ಫೋಟೋ ಇಡ್ತಾರಂತ. ದೊಡ್ಡದು ಮಾಡಿ ಕೊಡ್ರಿ.”

ಫೋಟೋ ತಿರುವಿದೆ. ಬೆನ್ನ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಉರ್ದು, ಅದರ ಕೆಳಗೆ ನಾಲ್ಕು ಅಂಕಿ. ಊರಿನಲ್ಲಿ ಯಾರೋ ಆ ಅಂಕಿ ಓದಿ 1357 ಎಂದು ಹೇಳಿದ್ದರಂತೆ. ಅದು ಬಂದೂಕಿನ ನಂಬರು ಎಂದು ಮನೆಯವರೆಲ್ಲ ನಂಬಿದ್ದರು. ನನಗೆ ಉರ್ದು ಬರುವುದಿಲ್ಲ. ನಿಜಾಮರ ಕಾಲದಲ್ಲಿ ಚಿತ್ತಾಪುರದ ಶಾಲೆಯಲ್ಲಿ ಓದಿದ್ದ ಅಪ್ಪ ಆಗ ಇನ್ನೂ ಇದ್ದರು. ಎಂಬತ್ತು ದಾಟಿದ್ದರೂ ದಿನಾ ಅಂಗಡಿಗೆ ಬಂದು ಒಳಗಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಅವರು ಭೂತಗನ್ನಡಿ ಹಿಡಿದು ಓದಿದರು: “ಕರೋಡಗಿರಿ ನಾಕಾ, ಹುಮನಾಬಾದ್.” ಆಮೇಲೆ ಹೇಳಿದರು: “ಇದು ಬಂದೂಕಿನ ನಂಬರಲ್ಲ ತಂಗಿ. ಫಸಲಿ ಇಸವಿ.”

ಹೈದರಾಬಾದ್ ಸಂಸ್ಥಾನದ ಸರ್ಕಾರಿ ಕಾಗದಗಳಲ್ಲಿ ನಡೆಯುತ್ತಿದ್ದದ್ದು ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ವರ್ಷ ಶುರುವಾದ ಇಸವಿ ಸಿಗುತ್ತದೆ. 1357 ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗೆ. ಕರೋಡಗಿರಿ ಎಂದರೆ ಸಂಸ್ಥಾನದ ಸುಂಕದ ಇಲಾಖೆ. ಆ ಹುಡುಗ ನಿಜಾಮ ಸರ್ಕಾರದ ನಾಕಾ ಕಾಯುತ್ತಿದ್ದ ಜವಾನ. ನಿಜಾಮರ ವಿರುದ್ಧದ ಹೋರಾಟಗಾರನೂ ಅಲ್ಲ, ನಿಜಾಮರ ಪರ ಆಯುಧ ಹಿಡಿದ ರಜಾಕಾರನೂ ಅಲ್ಲ, ಸಂಬಳಕ್ಕೆ ದುಡಿದವನು.

ಆ ಹೆಣ್ಣುಮಗಳು ಬಹಳ ಹೊತ್ತು ಮಾತಾಡಲಿಲ್ಲ. ಅವರು ಕೊನೆಗೆ ಏನು ಮಾಡಿದರು ಎಂಬುದನ್ನು ಆಮೇಲೆ ಹೇಳುತ್ತೇನೆ. ಅವತ್ತಿನಿಂದ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ: ಯುದ್ಧಕಾಲದ ಚಿತ್ರವೊಂದು ತಾನಾಗಿ ಏನನ್ನೂ ಹೇಳುವುದಿಲ್ಲ. ಎಲ್ಲಿ, ಯಾವಾಗ, ಯಾರು ಎಂದು ಅದರ ಬೆನ್ನ ಮೇಲೆ ಬರೆದವನೇ ಅದಕ್ಕೆ ಬಾಯಿ ಕೊಡುತ್ತಾನೆ. ನನ್ನ ಕಸುಬಿನ ಅತ್ಯಂತ ಕಠಿಣ ಪರೀಕ್ಷೆ ಬರೆದವರು ಸೈನ್ಯದ ಜೊತೆ ಹೋದ ಫೋಟೋಗ್ರಾಫರುಗಳು. ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಓದಿದಷ್ಟೂ ಈ ಮಾತು ಗಟ್ಟಿಯಾಗಿದೆ.

ಕನ್ನಡ ನೆಲಕ್ಕೆ ಕ್ಯಾಮೆರಾ ಹೊತ್ತು ತಂದವರಲ್ಲಿ ಮೊದಮೊದಲಿನವರು ಸೈನ್ಯದವರೇ. ಮದ್ರಾಸ್ ಸೈನ್ಯದ ಲಿನಿಯಸ್ ಟ್ರೈಪ್ 1854ರಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ. ಬಾಂಬೆ ತೋಪಖಾನೆಯ ಕ್ಯಾಪ್ಟನ್ ಥಾಮಸ್ ಬಿಗ್ಸ್ 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಹಿಡಿದ. ಅದೇ ವರ್ಷ ಈಸ್ಟ್ ಇಂಡಿಯಾ ಕಂಪನಿ ಇಂಗ್ಲೆಂಡಿನ ಆಡಿಸ್ಕೂಂಬಿನಲ್ಲಿದ್ದ ತನ್ನ ಸೈನಿಕ ಶಾಲೆಯಲ್ಲಿ ಫೋಟೋಗ್ರಫಿಯನ್ನು ಪಾಠವಾಗಿ ಸೇರಿಸಿತು. ಬಿಗ್ಸ್‌ನನ್ನು ವರ್ಷ ತುಂಬುವುದರೊಳಗೆ ಸೈನ್ಯ ವಾಪಸು ಕರೆಸಿಕೊಂಡಿತು. ಅವನ ಜಾಗಕ್ಕೆ ಬಂದ ಪಿಗೂ ಎಂಬಾತ ಕಂಪನಿಯ ವೈದ್ಯ. ಇವರ ಚಿತ್ರಗಳು 1866ರಲ್ಲಿ ದೊಡ್ಡ ಸಂಪುಟಗಳಾಗಿ ಬಂದಾಗ ಇತಿಹಾಸದ ಬರಹ ಕೊಟ್ಟವನು ಮೆಡೋಸ್ ಟೇಲರ್, ನಮ್ಮ ಭೀಮೆಯ ಆಚೆಗಿನ ಸುರಪುರವನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡಿದ್ದವನು.

ಟೇಲರ್ ಎತ್ತಿ ಆಡಿಸಿದ್ದ ಸುರಪುರದ ದೊರೆ ವೆಂಕಟಪ್ಪ ನಾಯಕ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ಎದುರು ನಿಂತ. ಕೋಟೆಯ ಬುಡದಲ್ಲಿ ಕಾದಾಟ ನಡೆಯಿತು. ಆ ಸಮರದ ಚಿತ್ರ ತೆಗೆಯಲು ಯಾರೂ ಬರಲಿಲ್ಲ. ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಫೆಲಿಚೆ ಬಿಯಾಟೊ ಎಂಬ ಫೋಟೋಗ್ರಾಫರ್ ಕಲ್ಕತ್ತೆಗೆ ಬಂದಿಳಿದು ಲಖನೌಗೆ ಹೋದ. ಅಲ್ಲಿನ ಸಿಕಂದರ್ ಬಾಗಿನ ಒಡೆದ ಗೋಡೆಯ ಮುಂದೆ ಚೆಲ್ಲಾಡಿದ ಎಲುಬುಗಳ ಅವನ ಚಿತ್ರವನ್ನು ಇತಿಹಾಸದ ಪುಸ್ತಕ ತೆರೆದವರೆಲ್ಲ ಕಂಡಿರುತ್ತಾರೆ. ಆದರೆ ಅಲ್ಲಿ ಹೋರಾಟ ನಡೆದದ್ದು 1857ರ ನವೆಂಬರಿನಲ್ಲಿ. ಬಿಯಾಟೊ ತಲುಪುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಆ ಎಲುಬುಗಳನ್ನು ಚಿತ್ರಕ್ಕಾಗಿ ಹರಡಿದ್ದು ಎಂದೇ ತಿಳಿದವರ ತೀರ್ಮಾನ. ಸತ್ತವರು ಸುಳ್ಳಲ್ಲ, ಜಾಗ ಸುಳ್ಳಲ್ಲ. ಕ್ಷಣ ಮಾತ್ರ ಸುಳ್ಳು. ಈ ಬಗೆಯ ಸುಳ್ಳು ನಮ್ಮ ಕಸುಬಿಗೆ ಹುಟ್ಟಿನಿಂದ ಅಂಟಿದ್ದು. ಅದನ್ನು ನಾನು ಕ್ಷಮಿಸಲಾರೆ.

ನಮ್ಮ ಸಂಸ್ಥಾನದ ದೊಡ್ಡ ಫೋಟೋಗ್ರಾಫರ್ ರಾಜಾ ದೀನದಯಾಳರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದವರು, ಸಿಕಂದರಾಬಾದಿನಲ್ಲಿ ಸ್ಟುಡಿಯೋ ಇಟ್ಟಿದ್ದರು, 1905ರಲ್ಲಿ ತೀರಿಕೊಂಡರು. ಸೈನ್ಯದ ಕವಾಯತು, ಅಣಕು ಯುದ್ಧಗಳನ್ನು ಗಾಜಿನ ಪ್ಲೇಟಿನ ಮೇಲೆ ಅವರಷ್ಟು ಸ್ವಚ್ಛವಾಗಿ ಹಿಡಿದವರು ಕಡಿಮೆ. ಅಪ್ಪ ಅವರ ಹೆಸರು ಹೇಳುವಾಗ ಕೈ ಎತ್ತಿ ಹಣೆಗೆ ಮುಟ್ಟಿಸುತ್ತಿದ್ದರು. ಆದರೆ ಅವೆಲ್ಲ ರಕ್ತವಿಲ್ಲದ ಯುದ್ಧಗಳು. ಕುದುರೆ, ಸವಾರ, ತೋಪು ಎಲ್ಲ ಬೆಳಕಿಗೆ ಮುಖ ಮಾಡಿ ನಿಲ್ಲುತ್ತಿದ್ದವು.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಚಿತ್ರ ತೆಗೆಯಲು 1915ರಲ್ಲಿ ಗರ್ಡ್‌ವುಡ್ ಎಂಬಾತನಿಗೆ ಅನುಮತಿ ಸಿಕ್ಕಿತು. ಅವನ ಚಿತ್ರಗಳಲ್ಲಿಯೂ ಎಷ್ಟೋ ಯುದ್ಧರೇಖೆಯ ಹಿಂದೆ ಸಿಪಾಯಿಗಳಿಂದ ಆಡಿಸಿ ತೆಗೆದವು. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಹೈಫಾ ಪಟ್ಟಣವನ್ನು ಗೆದ್ದವು. ಅವರು ಭರ್ಜಿ ಹಿಡಿದು ಆ ಊರಿನ ಬೀದಿಯಲ್ಲಿ ಸಾಗುವ ಚಿತ್ರ ಉಳಿದಿದೆ. ಏರಿ ಹೋದ ಆ ಅರ್ಧ ದಿನದ ಚಿತ್ರವಲ್ಲ ಅದು, ಗೆದ್ದ ಮೇಲಿನ ಮೆರವಣಿಗೆಯದು. ಕುದುರೆ ಓಡುವಾಗ ಕ್ಯಾಮೆರಾ ಹಿಡಿದವನು ಎಲ್ಲಿ ನಿಲ್ಲಬೇಕಿತ್ತು ಎಂದು ಯೋಚಿಸಿದರೆ ಕಾರಣ ತಿಳಿಯುತ್ತದೆ.

ಸೈನಿಕನೇ ಫೋಟೋಗ್ರಾಫರ್ ಆಗಿ, ಗುಂಡಿನ ನಡುವೆ ನಿಂತು ಕೆಲಸ ಮಾಡುವ ವ್ಯವಸ್ಥೆ ಸರಿಯಾಗಿ ಕೂಡಿ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಬ್ರಿಟಿಷ್ ಸೈನ್ಯ 1941ರಲ್ಲಿ ಚಲನಚಿತ್ರ ಮತ್ತು ಫೋಟೋ ದಳವೊಂದನ್ನು ಕಟ್ಟಿತು. ಪತ್ರಿಕೆಗಳಿಗೆ ಚಿತ್ರ ತೆಗೆಯುತ್ತಿದ್ದವರು, ಹವ್ಯಾಸಿಗಳು, ಸಾಮಾನ್ಯ ಸಿಪಾಯಿಗಳು, ಇಂಥವರನ್ನು ಆರಿಸಿ ಲಂಡನ್ ಹತ್ತಿರದ ಪೈನ್‌ವುಡ್ ಸಿನಿಮಾ ಸ್ಟುಡಿಯೋದಲ್ಲಿ ತರಬೇತಿ ಕೊಟ್ಟು, ಹೆಚ್ಚಿನವರನ್ನು ಸಾರ್ಜೆಂಟ್ ದರ್ಜೆಯಲ್ಲಿ ಕಳಿಸಿತು. ಸೊಂಟದಲ್ಲಿ ರಿವಾಲ್ವರ್, ಕೊರಳಲ್ಲಿ ಕ್ಯಾಮೆರಾ.

ಆ ಕ್ಯಾಮೆರಾದ ಬಗ್ಗೆ ಒಂದು ಮಾತು ಹೇಳಬೇಕು, ಕಸುಬಿನವನಾದ್ದರಿಂದ. ಅವರಲ್ಲಿ ಹೆಚ್ಚಿನವರು ಹಿಡಿದದ್ದು ಸೂಪರ್ ಐಕಾಂಟಾ, ಮಡಚುವ ಕ್ಯಾಮೆರಾ. ಶತ್ರು ದೇಶವಾದ ಜರ್ಮನಿಯ ಮಾಲು; ಅದಕ್ಕಿಂತ ಒಳ್ಳೆಯದು ಕೈಗೆ ಸಿಗಲಿಲ್ಲ. ಲೆನ್ಸ್ ಒಂದೇ, ಬದಲಿಸುವಂತಿಲ್ಲ. ದೂರದ್ದನ್ನು ಹತ್ತಿರ ಎಳೆಯುವ ಉಪಾಯ ಅದರಲ್ಲಿ ಇಲ್ಲ. ಮುಖ ಕಾಣಬೇಕಾದರೆ ಕಾಲು ಮುಂದಿಡಬೇಕು. ಸಿನಿಮಾ ತೆಗೆಯುವವರ ಡಿವ್ರೈ ಕ್ಯಾಮೆರಾ ಗಡಿಯಾರದಂತೆ ಚಾವಿ ಕೊಟ್ಟು ಓಡಿಸುವುದು. ಒಳಗೆ 100 ಅಡಿ ಫಿಲ್ಮು, ಅಂದರೆ ಒಂದು ನಿಮಿಷದ ಮೇಲೆ ಆರೇಳು ಸೆಕೆಂಡು. ಅದು ಮುಗಿದರೆ ಗುಂಡು ಹಾರುತ್ತಿರುವಾಗಲೇ ಎಲ್ಲಾದರೂ ಕುಕ್ಕರಗಾಲಲ್ಲಿ ಕೂತು, ಬೆಳಕು ತಾಗದಂತೆ ಹೊಸ ಸುರುಳಿ ಹಾಕಬೇಕು. ಮದುವೆ ಮಂಟಪದಲ್ಲಿ ಮುಹೂರ್ತದ ಹೊತ್ತಿಗೆ ರೋಲ್ ಮುಗಿದು ನನ್ನ ಕೈ ನಡುಗಿದ್ದುಂಟು. ಅವರ ಕೈ ಹೇಗಿತ್ತೋ ಎಂದು ನೆನೆದಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಸೆಖೆ, ಧೂಳು, ನೀರು ಈ ಮೂರು ಫಿಲ್ಮಿನ ವೈರಿಗಳು. ನಮ್ಮ ಶಹಾಬಾದಿನ ಮೇ ತಿಂಗಳಲ್ಲಿ ಡೆವಲಪರ್ ಕೈಗೆ ಬೆಚ್ಚಗೆ ಹತ್ತುತ್ತದೆ. ಅದು 20 ಡಿಗ್ರಿಯ ಆಸುಪಾಸು ಇರಬೇಕು. ಮೀರಿದರೆ ಜೆಲಟಿನ್ ಮೆತ್ತಗಾಗಿ ನೆಗೆಟಿವ್ ಮೇಲಿನ ಚಿತ್ರ ಹಾಲಿನ ಕೆನೆಯ ಹಾಗೆ ಸರಿದುಬಿಡುತ್ತದೆ. ಅದಕ್ಕೇ ಅಪ್ಪ ಬೇಸಿಗೆಯಲ್ಲಿ ಬೆಳಗಿನ ಜಾವ ಮೂರಕ್ಕೆ ಎದ್ದು, ರಾತ್ರಿ ಮಣ್ಣಿನ ಕೊಡದಲ್ಲಿ ತಣಿಸಿಟ್ಟ ನೀರಿನಲ್ಲಿ ರೋಲ್ ತೊಳೆಯುತ್ತಿದ್ದರು. ಫರಸಿ ಕಲ್ಲು ಜೋಡಿಸಿ ಮಾಡಿದ ತೊಟ್ಟಿ ನಮ್ಮದು. ಸುಣ್ಣಕಲ್ಲಿನ ನಾಡಿನ ನೀರು ಗಡಸು. ಒಣಗಿದ ಮೇಲೆ ನೆಗೆಟಿವ್ ತುಂಬ ಬಿಳಿ ಚುಕ್ಕೆ. ಹತ್ತಿ ಒದ್ದೆ ಮಾಡಿ ಒಂದೊಂದೇ ಚುಕ್ಕೆ ಒರೆಸುವುದು ನನ್ನ ಬಾಲ್ಯದ ಕೆಲಸ. ಲಿಬಿಯಾದ ಮರಳುಗಾಡಿನಲ್ಲಿ ನಿಂತ ಆ ಸೈನ್ಯದ ಫೋಟೋಗ್ರಾಫರುಗಳಿಗೆ ಕೊಡವೂ ಇರಲಿಲ್ಲ, ತೊಟ್ಟಿಯೂ ಇರಲಿಲ್ಲ. ತೆಗೆದ ಫಿಲ್ಮನ್ನು ಹಾಗೆಯೇ ಕಟ್ಟಿ ಹಿಂದಕ್ಕೆ ಕಳಿಸುತ್ತಿದ್ದರು. ತಾವು ತೆಗೆದದ್ದು ಬಂದಿದೆಯೋ ಇಲ್ಲವೋ ಎಂದು ಎಷ್ಟೋ ಸಲ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಈ ಹುಡುಗರು ತೆಗೆದ ತುಣುಕುಗಳಿಂದ ಕೂಡಿಸಿದ ‘ಡೆಸರ್ಟ್ ವಿಕ್ಟರಿ’ ಎಂಬ ಸಾಕ್ಷ್ಯಚಿತ್ರ 1943ರಲ್ಲಿ ಬಂದು ಆಸ್ಕರ್ ಗೆದ್ದಿತು. ಅದನ್ನು ತೆಗೆಯುತ್ತ ಸತ್ತವರಿದ್ದಾರೆ, ಸೆರೆ ಸಿಕ್ಕವರಿದ್ದಾರೆ.

ಫಿಲ್ಮಿನ ಜೊತೆಗೆ ಪ್ರತಿಯೊಬ್ಬನೂ ಒಂದು ಹಾಳೆ ತುಂಬಿ ಕಳಿಸಬೇಕಿತ್ತು. ಡೋಪ್ ಶೀಟ್ ಎಂದು ಅದರ ಹೆಸರು. ತಾರೀಖು, ಜಾಗ, ಯಾವ ದಳ, ಚಿತ್ರದಲ್ಲಿರುವವನ ಹೆಸರು, ದರ್ಜೆ, ಅವನ ಊರು. ಮೈಯೆಲ್ಲ ಧೂಳು, ಕಿವಿ ಕಿವುಡಾಗಿ, ರಾತ್ರಿ ಮಂದ ಬೆಳಕಿನಲ್ಲಿ ಕೂತು ಇದನ್ನು ಬರೆಯುವುದು. ಶೌರ್ಯ ಎಂದು ನಾನು ಕರೆಯುವುದು ಮುಂದಕ್ಕೆ ಓಡಿದ್ದನ್ನಷ್ಟೇ ಅಲ್ಲ, ಈ ಬರೆಯುವುದನ್ನೂ. ಇವತ್ತು ಲಂಡನ್ನಿನ ಯುದ್ಧ ಸಂಗ್ರಹಾಲಯದಲ್ಲಿ ಇಟಲಿ, ಬರ್ಮಾ, ಉತ್ತರ ಆಫ್ರಿಕಾಗಳಲ್ಲಿ ಕಾದಿದ ಭಾರತೀಯ ಸಿಪಾಯಿಗಳ ಚಿತ್ರ ಹುಡುಕಿದರೆ ಕೆಲವರ ಹೆಸರೂ ಸಿಗುವುದು ಆ ಹಾಳೆಗಳಿಂದ.

ಈ ದಳದವರೆಲ್ಲ ಸತ್ಯವಂತರಾಗಿದ್ದರೆಂದು ಹೇಳಲಾರೆ. ಎಲ್ ಅಲಮೇನಿನ ಯುದ್ಧ 1942ರ ಅಕ್ಟೋಬರ್ 23ರ ರಾತ್ರಿ ಶುರುವಾಯಿತು. ಕತ್ತಲಲ್ಲಿ ತೋಪಿನ ಮಿಂಚು ಬಿಟ್ಟರೆ ಫಿಲ್ಮಿಗೆ ಏನೂ ಕಾಣದು. ಹಗಲಾದ ಮೇಲೆ ಬಯಲು ಖಾಲಿ, ಮನುಷ್ಯರು ಗುಂಡಿಗಳಲ್ಲಿ. ಪತ್ರಿಕೆಗಳಿಗೆ ಮಾತ್ರ ಚಿತ್ರ ಬೇಕು. ಲೆನ್ ಚೆಟ್ವಿನ್ ಎಂಬ ಸಾರ್ಜೆಂಟ್ ಹಿಂದಿನ ನೆಲೆಯಲ್ಲಿ ಹೊಗೆ ಎಬ್ಬಿಸಿ, ಆಸ್ಟ್ರೇಲಿಯಾದ ಸೈನಿಕರನ್ನು ಅದರೊಳಗಿಂದ ಓಡಿಸಿ ತೆಗೆದ ಚಿತ್ರ ಲೋಕವೆಲ್ಲ ಸುತ್ತಿತು. ಇಂದಿಗೂ ಅಲಮೇನ್ ಎಂದರೆ ಅದೇ ಚಿತ್ರ. ಸಿಕಂದರ್ ಬಾಗಿನ ಎಲುಬುಗಳಿಂದ ಈ ಹೊಗೆಗೆ ಬಹಳ ದೂರವಿಲ್ಲ.

ಆ ದಳದ ಇನ್ನೊಬ್ಬನನ್ನು ಇಲ್ಲಿ ನೆನೆಯಲೇಬೇಕು. ಸಾರ್ಜೆಂಟ್ ಮೈಕ್ ಲೂಯಿಸ್. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್‌ನಲ್ಲಿ ಪ್ಯಾರಾಚೂಟಿನಿಂದ ಇಳಿದು, ಸೋತ ಯುದ್ಧವನ್ನು ಕ್ಯಾಮೆರಾದಲ್ಲಿ ಹಿಡಿದು ಬದುಕಿ ಬಂದವನು. ಏಳು ತಿಂಗಳ ಮೇಲೆ, 1945ರ ಏಪ್ರಿಲಿನಲ್ಲಿ, ಅವನೂ ಅವನ ಜೊತೆಯವರೂ ಬರ್ಗನ್ ಬೆಲ್ಸನ್ ಎಂಬ ನಾಜಿ ಶಿಬಿರದ ಒಳಗೆ ಕಾಲಿಟ್ಟರು. ಲೂಯಿಸ್ ಯಹೂದಿ. ಬಿದ್ದಿದ್ದ ಸಾವಿರಾರು ಹೆಣಗಳು ಅವನ ಜನರವು. ಅಲ್ಲಿ ಆ ಸಾರ್ಜೆಂಟುಗಳು ಏನನ್ನೂ ಆಡಿಸಲಿಲ್ಲ. ಮುಂದೆ ಯಾರೂ ಇದು ಸುಳ್ಳು ಎನ್ನಬಾರದೆಂದು, ಕರೆಸಿ ನಿಲ್ಲಿಸಿದ ಊರ ಅಧಿಕಾರಿಗಳನ್ನೂ ಹೆಣದ ಗುಂಡಿಯನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದರು. ಸಾಮಾನ್ಯ ಸಿಪಾಯಿಯೊಬ್ಬ ಗುಂಡಿಯ ಪಕ್ಕ ನಿಂತು ತನ್ನ ಹೆಸರು, ಊರು, ಆ ದಿನದ ತಾರೀಖು ಹೇಳಿ ಮಾತಾಡಿದ. ಅದು ಧ್ವನಿಯ ಸಮೇತ ಉಳಿದಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲ್ಯೂನೆಬರ್ಗಿನ ನ್ಯಾಯಾಲಯದಲ್ಲಿ ಈ ಫಿಲ್ಮು ಸಾಕ್ಷಿಯಾಗಿ ಓಡಿತು. ಯುದ್ಧದ ಫೋಟೋಗ್ರಾಫರ್ ಮಾಡಿದ ಅತ್ಯಂತ ದೊಡ್ಡ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ನಮ್ಮ ಸಂಸ್ಥಾನಕ್ಕೆ ಬರುತ್ತೇನೆ. ಹೈದರಾಬಾದ್ ಸಂಸ್ಥಾನದ ಒಂದು ಕಾಲಾಳು ಪಡೆ 1941ರ ಡಿಸೆಂಬರಿನಲ್ಲಿ ಮಲಯಾದ ಕೋಟಾ ಬಹರು ವಿಮಾನ ನೆಲೆ ಕಾಯುತ್ತಿತ್ತು. ಜಪಾನಿನವರು ಮೊದಲು ಇಳಿದದ್ದು ಆ ತೀರದಲ್ಲೇ. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. ಬ್ರಿಟಿಷ್ ಸೇನಾಪತಿ ಪರ್ಸಿವಲ್ ಬಿಳಿ ಬಾವುಟದ ಜೊತೆ ಶರಣಾಗಲು ನಡೆದು ಹೋಗುವ ಚಿತ್ರ ಜಪಾನಿ ಕ್ಯಾಮೆರಾದಿಂದ ಬಂದದ್ದು. ಶರಣಾಗತಿಯ ಚಿತ್ರ ಯಾವಾಗಲೂ ಗೆದ್ದವನ ಕಡೆಯಿಂದಲೇ ಬರುತ್ತದೆ. ಆರು ವರ್ಷದ ಮೇಲೆ ನಮ್ಮ ಮನೆ ಬಾಗಿಲಲ್ಲೂ ಹಾಗೆಯೇ ಆಯಿತು.

1948ರ ಬೇಸಿಗೆ. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಸುಮಾರು 200 ಜನರನ್ನು ಕೊಂದರು. ಅದೇ ತಿಂಗಳ 22ರಂದು ಗಾಣಗಾಪುರ ಸ್ಟೇಷನ್ನಿನಲ್ಲಿ ಮದ್ರಾಸ್–ಬಾಂಬೆ ಗಾಡಿಯ ಮೇಲೆ ದಾಳಿ ಆಯಿತು. ನಮ್ಮ ಶಹಾಬಾದ್, ವಾಡಿ ಇರುವುದು ಅದೇ ಹಳಿಯ ಮೇಲೆ. ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಗುವ ನಿಜಾಮರ ಹಳಿ 1874ರಿಂದಲೂ ಇದ್ದದ್ದು. ಗಾಡಿ ಬಂದರೆ ಸುದ್ದಿ ಬರುತ್ತಿತ್ತು, ನಿಂತರೆ ಹೆದರಿಕೆ ಬರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಅವರಿಗೆ ಆಗ ಹದಿನಾರು ವರ್ಷ. ಚಿತ್ತಾಪುರದಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಫೋಟೋ ಕೆಲಸ ಕಲಿಯುತ್ತಿದ್ದರು.

ಭಾರತಕ್ಕೆ ಇನ್ನೂ ಸೇರದಿದ್ದ ಸಂಸ್ಥಾನದೊಳಗೆ ಸೆಪ್ಟೆಂಬರ್ 13ರ ಬೆಳಗ್ಗೆ ಭಾರತದ ಸೈನ್ಯ ಬಂತು. ಸರ್ಕಾರಿ ಹೆಸರು ಆಪರೇಷನ್ ಪೋಲೋ. ನಮ್ಮ ಜನರ ಬಾಯಲ್ಲಿ ಇವತ್ತಿಗೂ ಪೊಲೀಸ್ ಆಕ್ಷನ್. ಮುಖ್ಯ ದಂಡು ಮೇಜರ್ ಜನರಲ್ ಜೆ. ಎನ್. ಚೌಧುರಿಯವರದು. ಸೊಲ್ಲಾಪುರದಿಂದ ಹೊರಟು ನಳದುರ್ಗ, ಹುಮನಾಬಾದ್, ಜಹೀರಾಬಾದ್ ಮೂಲಕ ಹೈದರಾಬಾದಿಗೆ ಹೋಗುವ ರಸ್ತೆ. ಚಿಂಚೋಳಿಯ ಉತ್ತರಕ್ಕೆ ಅದು ಹಾದು ಹೋಗುತ್ತದೆ. ಟ್ಯಾಂಕು, ಲಾರಿಗಳು ರಸ್ತೆ ಬಿಟ್ಟು ಇಳಿಯುವಂತಿರಲಿಲ್ಲ. ಮಳೆಗಾಲದ ಎರೆ ಹೊಲ ಎಂದರೆ ಏನೆಂದು ನಮ್ಮವರಿಗೆ ಗೊತ್ತು. ಐದು ದಿನಕ್ಕೆ ಮುಗಿಯಿತು. 17ರಂದು ನಿಜಾಮರು ಯುದ್ಧವಿರಾಮ ಸಾರಿದರು. 18ರಂದು ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದರು.

ಈ ಪೊಲೀಸ್ ಆಕ್ಷನ್ನಿನಿಂದ ಸಾರ್ವಜನಿಕರ ಕಣ್ಣಲ್ಲಿ ಉಳಿದ ಚಿತ್ರಗಳನ್ನು ನೆನೆಯಿರಿ. ಸಿಕಂದರಾಬಾದಿನಲ್ಲಿ ಎಲ್ ಎದ್ರೂಸ್ ಮತ್ತು ಚೌಧುರಿ ಎದುರುಬದುರು ನಿಂತದ್ದು. ಮುಂದೆ 1949ರಲ್ಲಿ ಬೇಗಂಪೇಟೆ ವಿಮಾನ ನಿಲ್ದಾಣದಲ್ಲಿ ನಿಜಾಮರು ಸರ್ದಾರ್ ಪಟೇಲರಿಗೆ ಕೈಮುಗಿದದ್ದು. ಪ್ರತಿ ಸೆಪ್ಟೆಂಬರ್ 17ಕ್ಕೆ ಪತ್ರಿಕೆಗಳಲ್ಲಿ, ಕಲ್ಯಾಣ ಕರ್ನಾಟಕ ಉತ್ಸವದ ಬ್ಯಾನರುಗಳಲ್ಲಿ ಇವೇ ಬರುತ್ತವೆ. ಎರಡೂ ನಿಜವಾದ ಚಿತ್ರಗಳು, ಮಹತ್ವದ ಚಿತ್ರಗಳು. ಆದರೆ ಎರಡರಲ್ಲೂ ಇರುವವರು ದೊಡ್ಡವರು, ನಿಂತ ನೆಲ ರಾಜಧಾನಿಯದು. ಸೈನ್ಯದ ಕ್ಯಾಮೆರಾ ಸೈನ್ಯದ ಜೊತೆ ಹೋಗುತ್ತದೆ. ಸೈನ್ಯ ಹೋದದ್ದು ದೊಡ್ಡ ರಸ್ತೆಯಲ್ಲಿ. ಕಾಗಿಣಾ ದಂಡೆಯ, ಮುಲ್ಲಾಮಾರಿ ದಂಡೆಯ ಹಳ್ಳಿಗಳಿಗೆ ಆ ಕ್ಯಾಮೆರಾ ತಿರುಗಲಿಲ್ಲ.

ಅಲ್ಲಿ ನಡೆದದ್ದು ಅಕ್ಷರದಲ್ಲಿದೆ. ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಈ ಮೂವರ ಸಮಿತಿ 1948ರ ನವೆಂಬರ್, ಡಿಸೆಂಬರಿನಲ್ಲಿ ಸಂಸ್ಥಾನ ಸುತ್ತಿ ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟಿತು. ಪೊಲೀಸ್ ಆಕ್ಷನ್ ಸಮಯದಲ್ಲಿ ಮತ್ತು ಅದರ ಬೆನ್ನಿಗೆ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅದರ ಅಂದಾಜು, ಹೆಚ್ಚಿನವರು ಮುಸಲ್ಮಾನರು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ ನಾಲ್ಕು: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಆ ಗುಲಬರ್ಗಾ ನಾವು. ಈ ವರದಿ ದಶಕಗಳ ಕಾಲ ಬೀಗದೊಳಗಿದ್ದು 2013ರ ಹೊತ್ತಿಗೆ ಓದಲು ಸಿಕ್ಕಿತು. ಗೋರಟಾದ ಸತ್ತವರಿಗೂ, ಆಮೇಲೆ ಸತ್ತ ಇವರಿಗೂ ಒಂದು ಬೆಲ್ಸನ್ ಸಾರ್ಜೆಂಟ್ ಸಿಗಲಿಲ್ಲ. ಇದು ನನ್ನ ಕಸುಬಿನ ಮೇಲಿರುವ ಸಾಲ ಎಂದೇ ನನಗೆ ಅನಿಸುತ್ತದೆ.

ನಾಲ್ಕು ದಶಕಗಳಿಂದ ಅಂಗಡಿಯಲ್ಲಿ ಹಳೆಯ ಚಿತ್ರ ತಿದ್ದಿ ಕೊಡುತ್ತಿದ್ದೇನೆ. ಸೇಡಂನ ಮನೆಗಳಿಂದ, ವಾಡಿಯ ರೈಲ್ವೆ ಕ್ವಾರ್ಟರ್ಸಿನಿಂದ, ಚಿತ್ತಾಪುರದ ದರ್ಗಾ ಓಣಿಯಿಂದ ಬಂದಿವೆ. ನಿಜಾಮರ ಕಾಲದ ಮದುವೆ, ಶಾಲೆಯ ಗುಂಪು, ಕಲ್ಲಿನ ಖಣಿ ಎಲ್ಲ ಇವೆ. 1948ರ ಆ ಮಳೆಗಾಲದ್ದು ಮಾತ್ರ ಬರುವುದಿಲ್ಲ. ಕಾರಣ ಅಪ್ಪ ಹೇಳಿದ್ದರು.

ಅವರ ಉಸ್ತಾದರ ಸ್ಟುಡಿಯೋದಲ್ಲಿ ಗಾಜಿನ ಪ್ಲೇಟುಗಳ ಒಂದು ಕಪಾಟು ಇತ್ತು. ಆ ವರ್ಷ ಎರಡು ಸಲ ಅದನ್ನು ಖಾಲಿ ಮಾಡಿದರಂತೆ. ಬೇಸಿಗೆಯಲ್ಲಿ ಒಮ್ಮೆ: ನಿಜಾಮರ ವಿರುದ್ಧ ನಿಂತಿದ್ದ ಸ್ಟೇಟ್ ಕಾಂಗ್ರೆಸ್ಸಿನ ಹುಡುಗರು ಬಿಳಿ ಟೋಪಿ ಹಾಕಿ ಗುಂಪಾಗಿ ತೆಗೆಸಿಕೊಂಡ ಚಿತ್ರಗಳು ರಜಾಕಾರರ ಕೈಗೆ ಸಿಕ್ಕರೆ ಆ ಹುಡುಗರ ಜೀವಕ್ಕೆ ಸಂಚಕಾರ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ: ಈಗ ರಜಾಕಾರರ ಉಡುಪು ಹಾಕಿ ನಿಂತಿದ್ದ ಹುಡುಗರ ಸರದಿ. ಅವರಲ್ಲಿ ಉಸ್ತಾದರ ಸೋದರಳಿಯನೂ ಒಬ್ಬ. ಎರಡೂ ಸಲ ಮಾಡಿದ್ದು ಒಂದೇ ಕೆಲಸ. ಹಂಡೆಯಲ್ಲಿ ನೀರು ಕಾಯಿಸಿ, ಸೋಡಾ ಹಾಕಿ, ಪ್ಲೇಟುಗಳನ್ನು ಅದ್ದಿ ಕೆರೆದರು. ಮುಖಗಳು ಕಪ್ಪು ಸಿಪ್ಪೆಯಾಗಿ ನೀರಿನಲ್ಲಿ ತೇಲಿದವು. “ಬೆರಳಿಲೆ ತಿಕ್ಕಿದ್ರ ಮಾರಿ ಹೋಗಿಬಿಡ್ತಿತ್ತು, ಗಾಜ್ ಉಳೀತಿತ್ತು,” ಎನ್ನುತ್ತಿದ್ದರು ಅಪ್ಪ. ಸ್ವಚ್ಛವಾದ ಗಾಜನ್ನು ಉಸ್ತಾದರು ಫೋಟೋ ಫ್ರೇಮಿಗೆ ಬಳಸಿದರು. ಅದರಲ್ಲೊಂದು ನಮ್ಮ ಮನೆಯ ಶರಣಬಸವೇಶ್ವರರ ಪಟದ ಮೇಲೆ ಇನ್ನೂ ಇದೆ. ಯಾರ ಮುಖ ಅಳಿಸಿದ ಗಾಜು ಅದು ಎಂದು ಕೇಳಿದರೆ ಅಪ್ಪ ತಲೆ ಆಡಿಸುತ್ತಿದ್ದರು.

ಉಸ್ತಾದರನ್ನು ನಾನು ತಪ್ಪಿತಸ್ಥರೆನ್ನುವುದಿಲ್ಲ. ಬೆಲ್ಸನ್ನಿನಲ್ಲಿ ಚಿತ್ರ ತೆಗೆದವರಿಗೆ ಬೆನ್ನ ಹಿಂದೆ ಗೆದ್ದ ಸೈನ್ಯವಿತ್ತು. ಉಸ್ತಾದರ ಬೆನ್ನ ಹಿಂದೆ ಇದ್ದದ್ದು ಒಂದು ಮರದ ಬಾಗಿಲು. ಎರಡೂ ಕಡೆಯ ಹುಡುಗರನ್ನು ಅವರು ಉಳಿಸಿದರು. ಬೆಲೆಯಾಗಿ ಒಂದು ವರ್ಷದ ಮುಖಗಳನ್ನೇ ಕೊಟ್ಟರು.

ಆಮೇಲಿನ ಯುದ್ಧಗಳ ಚಿತ್ರ ನಮ್ಮ ಕಡೆಗೂ ಬರತೊಡಗಿತು. ಬೆಳಗಾವಿಯ ಮರಾಠಾ ಲಘು ಪದಾತಿ ದಳಕ್ಕೆ, ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಸೇರಿದ ಹುಡುಗರು ರಜೆಗೆ ಬಂದಾಗ ಟ್ರಂಕಿನಲ್ಲಿ ಫೋಟೋ ತರುತ್ತಿದ್ದರು. ಸೈನ್ಯದ ಪತ್ರಿಕೆ 1909ರಲ್ಲಿ ‘ಫೌಜಿ ಅಖ್ಬಾರ್’ ಎಂದು ಶುರುವಾಗಿ 1954ರಲ್ಲಿ ‘ಸೈನಿಕ್ ಸಮಾಚಾರ್’ ಆಯಿತು. ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬಂತು. ಅದರಲ್ಲಿ ಚಿತ್ರದ ಕೆಳಗೆ ಅಚ್ಚಾದ ಸಾಲನ್ನು ಅಪ್ಪ ಗಿರಾಕಿಗಳಿಗೆ ಬೆರಳಿಟ್ಟು ತೋರಿಸುತ್ತಿದ್ದರು. ಆದರೆ ಹುಡುಗರ ಟ್ರಂಕಿನ ಫೋಟೋಗಳ ಬೆನ್ನು ಖಾಲಿ. 1965ರದ್ದೋ 1971ರದ್ದೋ, ಯಾವ ಗಡಿಯೋ, ಪಕ್ಕದಲ್ಲಿ ನಿಂತ ಗೆಳೆಯ ಯಾರೋ. ನಿವೃತ್ತರಾದವರು ಹೇಳಿ ಹೋದರು, ಕೇಳಿದವರು ಮರೆತರು.

ಆ ಚಿಂಚೋಳಿಯ ಹೆಣ್ಣುಮಗಳ ಮಾತು ಬಾಕಿ ಇದೆ. ಅವರು ಎದ್ದು ಹೋಗುವರೆಂದೇ ನಾನು ತಿಳಿದಿದ್ದೆ. ಬರಹ ಬಿಟ್ಟು ಚಿತ್ರವನ್ನಷ್ಟೇ ದೊಡ್ಡದು ಮಾಡಿ ಕೊಡಿ ಎಂದಿದ್ದರೆ ನಾನು ತಡೆಯುವಂತಿರಲಿಲ್ಲ, ಚಿತ್ರ ಅವರದು. ಅವರು ಅಪ್ಪನನ್ನು ಕೇಳಿದರು: “ಇದು ಬರದಾವ್ರು ನಮ್ಮ ಮುತ್ಯಾನೇ ಏನ್ರೀ?” ಅಪ್ಪ ಅಕ್ಷರದ ಮೇಲೆ ಮತ್ತೆ ಗಾಜು ಹಿಡಿದು, ಶಾಲೆಯಲ್ಲಿ ಕಲಿತವರ ಕೈ ಇದು, ಮುತ್ಯಾ ಓದಿದವರಾಗಿದ್ದರೆ ಅವರದೇ ಇರಬೇಕು ಎಂದರು. “ಹೌದ್ರಿ, ಓದಿದ್ರು. ಊರ ಮಂದಿಗೆಲ್ಲ ಕಾಗದ ಬರದು ಕೊಡ್ತಿದ್ರು,” ಎಂದರು ಆಕೆ. “ಹಂಗಾದ್ರ ಎರಡೂ ಬದಿ ಕಾಣೂಹಂಗ ಮಾಡಿ ಕೊಡ್ರಿ. ಅವ್ರು ಬರದದ್ದು ಮುಚ್ಚಬ್ಯಾಡ್ರಿ.”

ಎರಡೂ ಕಡೆ ಗಾಜು ಹಾಕಿದ ಚೌಕಟ್ಟು ಮಾಡಿ ಕೊಟ್ಟೆ. ಕೆಳಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದೆ: ಕರೋಡಗಿರಿ ನಾಕಾ, ಹುಮನಾಬಾದ್, 1357 ಫಸಲಿ. ಸೆಪ್ಟೆಂಬರ್ 17ರ ಸಭೆಯಲ್ಲಿ ಅದನ್ನು ಇಡಲಿಲ್ಲವಂತೆ. ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮನೆಮಂದಿಗೆ ನನ್ನದೊಂದು ಕೇಳಿಕೆ. ಟ್ರಂಕಿನ ತಳದಲ್ಲಿ, ದೇವರ ಪಟದ ಹಿಂದೆ, ಅಕ್ಕಿ ಡಬ್ಬಿಯ ಕೆಳಗೆ ಇರುವ ಫೋಟೋಗಳನ್ನು ಹೊರಗೆ ತೆಗೆಯಿರಿ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಅಂಟಿದರೆ ಬಿಡಿಸಲಾಗದು. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಇಡಬೇಡಿ. ಬೆನ್ನ ಮೇಲೆ ಉರ್ದು, ಮೋಡಿ, ಕನ್ನಡ, ತೆಲುಗು ಯಾವ ಅಕ್ಷರವಿದ್ದರೂ ಒರೆಸಬೇಡಿ, ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ. ಏನೂ ಇಲ್ಲದಿದ್ದರೆ ಮನೆಯಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಕೇಳಿ ನೀವೇ ಬರೆಯಿರಿ: ಹೆಸರು, ಊರು, ವರ್ಷ, ಜೊತೆಗೆ ನಿಂತವರು ಯಾರು. ಗೊತ್ತಿದ್ದಷ್ಟೇ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂದಿನ ಬದಿಗೆ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲ್ ತೆಗೆದುಕೊಳ್ಳಿ, ಒತ್ತಬೇಡಿ, ಅಂಚಿನಲ್ಲಿ ಬರೆಯಿರಿ.